ರಾಯರ ಬಂದೂಕಿನ ಕಟ್ಟಿಗೆ

ಅಖರೋಟದ ಕಟ್ಟಿಗೆಯನ್ನು ಗುರುತಿಸಬೇಕಾದರೆ ಮೊದಲು ಅದನ್ನು ನೋಡಬಾರದು ಎಂದು ಅಬ್ಬಾ ಹೇಳುತ್ತಿದ್ದರು. ಹೀಗೆ ಬರೆದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಅವರು ಇದನ್ನು ಮೊದಲಿನಿಂದಲೂ ಹೇಳುತ್ತಿದ್ದರೋ, ಕಣ್ಣು ಮಂಜಾದ ಮೇಲೆ ಹೇಳತೊಡಗಿದರೋ? ನನ್ನ ನೆನಪನ್ನು ಕೇಳಿದರೆ ಅದು ಎರಡಕ್ಕೂ ತಲೆಯಾಡಿಸುತ್ತದೆ. ಯಾರು ಏನು ಕೇಳಿದರೂ ಹೂಂ ಅನ್ನುವ ಸಾಕ್ಷಿಯನ್ನು ಎಷ್ಟು ನಂಬಬೇಕೋ ಅಷ್ಟೇ ಅದನ್ನು ನಂಬಿ ಮುಂದೆ ಬರೆಯುತ್ತೇನೆ.

ಊರಿಗೆ ಆಗ ಗುಲಬರ್ಗಾ ಎಂದು ಹೆಸರು. ನಮ್ಮ ಮನೆ ಮೋಮಿನಪುರದಲ್ಲಿ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಬ್ಬಾನ ದುಕಾನು. ಅವರು ಬಂದೂಕಿನ ಕಟ್ಟಿಗೆ ಕೆಲಸ ಮಾಡುತ್ತಿದ್ದರು. ಭುಜಕ್ಕೆ ಒರಗಿಸುವ ಹಿಂಭಾಗ, ಅದಕ್ಕೆ ಕುಂದಾ ಅನ್ನುತ್ತಾರೆ; ಎಡಗೈ ಹಿಡಿಯಲು ನಳಿಗೆಯ ಕೆಳಗೆ ಕೂರುವ ಮುಂದಿನ ತುಂಡು; ಇವೆರಡೇ. ನಳಿಗೆಯೂ ಗುಂಡು ಹಾರಿಸುವ ಕುದುರೆಯೂ ಲೈಸನ್ಸ್ ಇದ್ದವರ ಮನೆಯಲ್ಲೇ ಉಳಿಯುತ್ತಿದ್ದವು, ಕಟ್ಟಿಗೆ ಮಾತ್ರ ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ನಾನು ಹುಟ್ಟಿದ ಮೇಲೆ ಆ ಮನೆಯೊಳಗೆ ಒಂದು ಇಡೀ ಬಂದೂಕು ಬಂದದ್ದನ್ನು ನಾನು ನೋಡಿಲ್ಲ. ಆದರೂ ಓಣಿಯವರಿಗೆ ನಾವು ಬಂದೂಕಿನವರು. ಶಾಲೆಯಲ್ಲಿ ಬಂದೂಕಿನವರ ಮಗಳ ಜೊತೆ ಜಗಳಕ್ಕೆ ಯಾರೂ ಬರುತ್ತಿರಲಿಲ್ಲ, ಅದೊಂದು ಲಾಭ.

ಬರುತ್ತಿದ್ದವರು ಕೆಲವೇ ಮಂದಿ. ಹಳೆಯ ಜಾಗೀರಿನ ಮನೆಗಳವರು, ಬ್ಯಾಂಕಿನ ಕಾವಲುಗಾರರು, ಹಂದಿ ಓಡಿಸಲು ಬಂದೂಕು ಇಟ್ಟುಕೊಂಡ ತೋಟದವರು. ಅವರಿಗೆಲ್ಲ ಬೇಕಾದದ್ದು ಒಂದೇ: ಹೊಸ ತುಂಡು ಹಳೆಯದರ ಜೋಡಿ ಅನ್ನಿಸಬೇಕು, ಎರಡೂ ಒಂದೇ ಮರದಿಂದ ಬಂದಂತೆ ಕಾಣಬೇಕು. ಹಾಗೆ ಕಾಣದಿದ್ದರೆ ಗಿರಾಕಿ ಜಗಳವಾಡುತ್ತಿರಲಿಲ್ಲ. ಸುಮ್ಮನೆ ಮತ್ತೆ ಬರುತ್ತಿರಲಿಲ್ಲ, ಬರುವ ಇನ್ನೊಬ್ಬನಿಗೂ ಹೇಳುತ್ತಿದ್ದ.

ಅಬ್ಬಾನ ಲೆಕ್ಕದಲ್ಲಿ ಅಖರೋಟ ಮೂರು ಬಗೆ. ಕಾಶ್ಮೀರಿ ಅಂದರೆ ಗೋಧಿ ಹುಲ್ಲಿನ ಬಣ್ಣ, ನಡುವೆ ಬೂದು ಗೆರೆ. ವಿಲಾಯತಿಗೆ ಸ್ವಲ್ಪ ಜೇನಿನ ಬಣ್ಣ, ಗೆರೆಗಳು ಹೊಗೆ ಎದ್ದಂತೆ. ಅಮರಿಕಿ ಅಂದರೆ ಕರಿ, ಬೆಳಕಿಗೆ ಹಿಡಿದರೆ ನೇರಳೆ. ಅದರ ರಂಧ್ರಗಳು ದೊಡ್ಡವು, ಅಡ್ಡ ಉಗುರು ಎಳೆದರೆ ಉಗುರು ತಡೆಯುತ್ತದೆ. ಉಗುರು ಎಳೆಯುವುದು, ಮೂಸುವುದು, ಒಂದು ಹೊಟ್ಟಿನ ಸುರುಳಿಯನ್ನು ನಾಲಗೆಯ ಮೇಲಿಟ್ಟುಕೊಳ್ಳುವುದು, ಇವೆಲ್ಲ ಆದ ಮೇಲೆ ಕೊನೆಗೆ ಒಡೆದ ಗಾಜಿನ ಚೂರಿನಿಂದ ಯಾರಿಗೂ ಕಾಣದ ಒಂದು ಕಡೆ ತುಸು ಕೆರೆದು, ಉಗುಳು ಹಚ್ಚಿ, ಬಾಗಿಲಿಗೆ ತಂದು ನೋಡುತ್ತಿದ್ದರು. ನನ್ನ ಬಾಲ್ಯದ ಅಬ್ಬಾ ಬಾಗಿಲಿಗೆ ಬರುತ್ತಿದ್ದ ಅಬ್ಬಾ. ನನಗೆ ಇಪ್ಪತ್ತೆರಡು ವರ್ಷವಾಗುವ ಹೊತ್ತಿಗೆ ಅವರು ಬಾಗಿಲಿಗೆ ಬರುವುದನ್ನು ಬಿಟ್ಟಿದ್ದರು.

ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಡಾಕ್ಟರು ನೋಡಿ, ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಯೋಣ ಎಂದು ಕಳಿಸಿದ್ದರು. ಆಗ ಹಾಗೇ ಹೇಳುತ್ತಿದ್ದರು. ಹಣ್ಣಾಗುವವರೆಗೆ ಏನು ಮಾಡಬೇಕು ಎಂದು ಡಾಕ್ಟರೂ ಹೇಳಲಿಲ್ಲ, ಅಬ್ಬಾನೂ ಕೇಳಲಿಲ್ಲ. ಮನೆಗೆ ಬಂದು ಅಮ್ಮಿಗೂ ನನಗೂ ಒಂದೇ ಮಾತು ಹೇಳಿದರು: ಇದು ದುಕಾನಿನ ಹೊಸ್ತಿಲು ದಾಟಬಾರದು. ಉಸ್ತಾದನಿಗೆ ಬಣ್ಣ ಕಾಣುವುದಿಲ್ಲ ಎಂದು ಒಬ್ಬ ಗಿರಾಕಿಗೆ ಗೊತ್ತಾದರೆ ಅಂದಿಗೆ ದುಕಾನು ಮುಗಿಯಿತು. ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ.

ಮನೆಯಲ್ಲಿ ನಾವು ಆಡುತ್ತಿದ್ದುದು ದಖನಿ ಉರ್ದು. ಇಲ್ಲಿ ಮನೆಯೊಳಗಿನ ಅವರ ಮಾತನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಾಗಾಗಿ ಅದರಲ್ಲಿ ಅರ್ಧ ಅವರದು, ಅರ್ಧ ನನ್ನದು. ಗಿರಾಕಿಗಳ ಜೊತೆ ಮಾತ್ರ ಅವರು ಕನ್ನಡವನ್ನೇ ಆಡುತ್ತಿದ್ದರು, ಅದನ್ನು ಕೇಳಿದ ಹಾಗೆ ಬರೆಯಬಲ್ಲೆ.

ನಾನು ಆಗ ಡಿಗ್ರಿ ಮುಗಿಸಿ ಕೂತಿದ್ದೆ. ಕೂತಿದ್ದೆ ಅನ್ನುವುದು ಸುಳ್ಳು, ಎಲ್ಲಿಯೂ ಕೂರಲಾಗುತ್ತಿರಲಿಲ್ಲ. ಖೂಬಾ ಪ್ಲಾಟಿನಲ್ಲಿ ಎರಡು ಮನೆಗಳಿಗೆ ಟ್ಯೂಷನ್ ಹೇಳಲು ಹೋಗುತ್ತಿದ್ದೆ. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು. ರಾತ್ರಿ ಕ್ರಿಯಾಪದವಿಲ್ಲದ ವಾಕ್ಯಗಳನ್ನು ಬರೆದು ಬೆಳಿಗ್ಗೆ ಹರಿಯುತ್ತಿದ್ದೆ. ಅಬ್ಬಾ ಒಂದು ಕುಂದಾ ಹಿಡಿದು ಇಡೀ ದಿನ ಒಂದೇ ಜಾಗದಲ್ಲಿ ಕೂರುವುದನ್ನು ಕಂಡರೆ ನನ್ನ ಕಾಲು ತುರಿಸುತ್ತಿತ್ತು.

ಆ ವರ್ಷ ಕಮಲಾಪುರದ ರಾಯರು ಬಂದರು. ಕಮಲಾಪುರದ ಆಚೆ ಅವರದು ಕೆಂಪು ಬಾಳೆಯ ತೋಟ. ವೈಷ್ಣವರು, ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ, ಮೊಟ್ಟೆಯನ್ನೂ ಮುಟ್ಟದವರು. ಅವರ ತಂದೆಯ ಕಾಲದ ಜೋಡುನಳಿಗೆ ಬಂದೂಕು ಇತ್ತು. ಹಂದಿ ಬಂದಾಗ ಆಕಾಶಕ್ಕೆ ಹೊಡೆಯುತ್ತಿದ್ದರು. ಹಂದಿಗಳಿಗೂ ಈಗ ಅದು ಗೊತ್ತಾಗಿದೆ, ಸದ್ದು ಕೇಳಿದರೆ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ತಿನ್ನುತ್ತವೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಬೇಸಿಗೆಯಲ್ಲಿ ತೋಟದ ಅಟ್ಟಣಿಗೆಯಿಂದ ಬಂದೂಕು ಜಾರಿ ಬಿದ್ದು, ಕೈಹಿಡಿಯ ಸಣ್ಣ ಭಾಗದಲ್ಲಿ ಕುಂದಾ ಸೀಳಿತ್ತು. ಊರಿನ ಅಕ್ಕಸಾಲಿಯೊಬ್ಬ ಸೀಳಿನಲ್ಲಿ ಅರಗು ತುಂಬಿ ಹಿತ್ತಾಳೆ ತಂತಿ ಬಿಗಿದಿದ್ದ. ಅದು ನಿಲ್ಲಲಿಲ್ಲ. ಹೊಸ ಕುಂದಾ ಬೇಕು, ಅದೂ ಖಂಡೆ ಪೂಜೆಯೊಳಗೆ. ಮಹಾನವಮಿಗೆ ಮನೆಯ ಆಯುಧ, ಉಪಕರಣಗಳನ್ನೆಲ್ಲ ಇಟ್ಟು ಪೂಜಿಸುವಾಗ ಮುರಿದ ಬಂದೂಕು ಇಡುವಂತಿಲ್ಲ, ಅವರ ತಾಯಿ ಒಪ್ಪುವುದಿಲ್ಲ.

ಟವೆಲ್ ಬಿಚ್ಚಿದಾಗ ಬಂದದ್ದು ಕರಿ ಕುಂದಾ. ಟವೆಲ್ ಹಸಿರು ಇತ್ತು ಎಂದು ನನ್ನ ನೆನಪು. ಅಮ್ಮಿಯ ಪ್ರಕಾರ ಬಿಳಿ. ಕುಂದಾದ ಬಣ್ಣದ ಬಗ್ಗೆ ಮಾತ್ರ ನಮ್ಮಲ್ಲಿ ವಾದವಿಲ್ಲ.

ರಾಯರು ಹೇಳಿದರು, "ಉಸ್ತಾದ್, ಇದು ವಿಲಾಯತಿ ಅಖರೋಟ. ಇದರ ಜೋಡಿ ವಿಲಾಯತಿನೇ ಹಾಕಬೇಕು ನೀವು."

ಅಬ್ಬಾ ಉಗುರು ಎಳೆದರು. ತಡೆಯಿತು. ಮೂಸಿದರು. ಮತ್ತೆ ಉಗುರು ಎಳೆದರು. "ಇದು ಅಮರಿಕಿ ಅದರೀ, ರಾಯರ."

"ಏನು ಮಾತಾಡ್ತೀರಿ. ನಮ್ಮಪ್ಪ ಸಾಯೋತನಕ ವಿಲಾಯತಿ ವಿಲಾಯತಿ ಅಂತಿದ್ರು."

"ಬಂದೂಕಿಗೆ ಅಂದಿರಬೇಕ್ರಿ. ಕಟ್ಟಿಗಿಗಿ ಅಂದಿರಲಿಕ್ಕಿಲ್ಲ."

"ನೀವೇನು ಅಮೆರಿಕಾಕ್ಕ ಹೋಗಿ ಆ ಗಿಡ ನೋಡಿ ಬಂದೀರೇನು?"

"ನಿಮ್ಮ ತಂದಿಯವರು ವಿಲಾಯತಿಗೆ ಹೋಗಿದ್ರೇನ್ರಿ?"

ಇಬ್ಬರೂ ನಕ್ಕರು. ರಾಯರು ಒಂದು ಫಣಿ ಕೆಂಪು ಬಾಳೆಹಣ್ಣು ಇಟ್ಟು ಹೋದರು. ನಾನು ಗಾಜಿನ ಚೂರು ಹಿಡಿದು ನಿಂತೇ ಇದ್ದೆ. ಅಬ್ಬಾ ಅದನ್ನು ಕೇಳಲೇ ಇಲ್ಲ.

ಕೆರೆಯಲಿಲ್ಲ ಯಾಕೆ ಎಂದು ಆಮೇಲೆ ಕೇಳಿದೆ. ಇನ್ನೊಬ್ಬರ ವಸ್ತುವಿಗೆ ಗಾಯ ಯಾಕೆ ಮಾಡಬೇಕು, ಉಗುರು ಹೇಳಿದ್ದು ಸಾಲದೇ ಎಂದರು. ಕೆರೆಯುವುದು ಬಣ್ಣ ನೋಡುವುದಕ್ಕೆ. ಬಣ್ಣ ಕಾಣದವರು ಕೆರೆದು ಏನು ಮಾಡಬೇಕು? ಇದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಕಾಶ್ಮೀರದಿಂದ ಮರ ಬರುವುದು ನಿಂತುಹೋಗಿದ್ದ ವರ್ಷಗಳು ಅವು. ಅಟ್ಟದ ಮೇಲೆ ಕಾಶ್ಮೀರಿ ದಿಮ್ಮಿ ಎರಡೋ ಮೂರೋ ಉಳಿದಿದ್ದವು. ಅಮರಿಕಿ ಒಂದೇ. ಯಾರೋ ತರಿಸಿ, ಮಾಡಿಸದೆ ಬಿಟ್ಟು ಹೋದದ್ದು. ಅಬ್ಬಾ ಅದನ್ನು ಇಳಿಸಿದರು. ನಂತರದ ವಾರಗಳಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ನಾನು ಏನನ್ನೂ ಕೂಡಿಸಿ ಬರೆಯಬೇಕಾಗಿಲ್ಲ. ಗರಗಸಕ್ಕೆ ಮಾತ್ರ ನಾನು ಗೆರೆ ಹಾಕಿ ಕೊಟ್ಟೆ. ಉಳಿದದ್ದನ್ನು ಎಡಗೈ ಹಳೆಯ ಕುಂದಾದ ಮೇಲೆ, ಬಲಗೈ ಹೊಸದರ ಮೇಲೆ ಇಟ್ಟುಕೊಂಡು ಮಾಡಿದರು. ಎಡಗೈ ಒಂದು ಇಂಚು ಸರಿದರೆ ಬಲಗೈಯ ಅರ ಒಂದು ಇಂಚು ಸರಿಯುತ್ತಿತ್ತು. ಎಣ್ಣೆ ಹಚ್ಚಿ ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಚೆನ್ನಾಗಿದ್ದ ನನ್ನ ಕಣ್ಣಿಗೂ ಅವು ಅಣ್ಣತಮ್ಮಂದಿರಂತೆ ಕಂಡವು.

ಒಂದೇ ಒಂದು ವಿಷಯ ಕಾಡುತ್ತಿತ್ತು. ಹಳೆಯ ಕುಂದಾದ ಕರಿ ಎಲ್ಲ ಕಡೆ ಒಂದೇ ಇರಲಿಲ್ಲ. ಕಬ್ಬಿಣ ಕೂರುತ್ತಿದ್ದ ಕಡೆ, ತಿರುಪುಗಳ ತೂತಿನ ಸುತ್ತ, ಗಾಢವಾಗಿತ್ತು. ಭುಜದ ಕಡೆಗೆ ಬಂದಂತೆ ತೆಳುವಾಗುತ್ತಿತ್ತು. ಹೇಳಿದೆ. ಹಳೆಯ ಕಬ್ಬಿಣದ ಕಲೆ, ಎಲ್ಲ ಕುಂದಾದಲ್ಲೂ ಇರುತ್ತದೆ ಎಂದರು. ನಿಜ, ಇರುತ್ತದೆ. ಆದರೆ ಮರ ತನ್ನ ಬಣ್ಣವನ್ನು ತಿರುಪು ಎಲ್ಲಿದೆ ಎಂದು ನೋಡಿಕೊಂಡು ಇಟ್ಟುಕೊಳ್ಳುತ್ತದೆಯೇ? ಈ ಪ್ರಶ್ನೆಯನ್ನು ಅಂದೇ ಕೇಳಿಕೊಂಡೆನೋ, ಈಗ ಬರೆಯುವಾಗ ಅಂದಿನ ನನ್ನ ಬಾಯಿಗೆ ಹಾಕುತ್ತಿದ್ದೇನೋ, ಹೇಳಲಾರೆ. ಖಂಡೆ ಪೂಜೆಯ ಹಿಂದಿನ ದಿನ ಕುಂದಾ ಕೂರಿಸಲು ನಾವಿಬ್ಬರೂ ಕಮಲಾಪುರಕ್ಕೆ ಹೊರಟೆವು.

ಬಸ್ಸಿನಲ್ಲಿ ಅಬ್ಬಾ ಅದನ್ನು ಚಾದರದಲ್ಲಿ ಸುತ್ತಿ ಕಾಲ ನಡುವೆ ನಿಲ್ಲಿಸಿಕೊಂಡಿದ್ದರು. ಇಳಿದ ಮೇಲೆ ನನ್ನ ಮೊಣಕೈ ಹಿಡಿದು ನಡೆದರು. ರಾಯರ ಮನೆಯ ಬೀದಿಗೆ ಬಂದ ಕೂಡಲೇ ಕೈ ಬಿಟ್ಟು ಮುಂದೆ ಹೋದರು. ಕಟ್ಟೆಯ ಮೆಟ್ಟಿಲನ್ನು ಕಾಲಿನಿಂದ ಹುಡುಕಿಕೊಂಡದ್ದು ನನಗೆ ಮಾತ್ರ ಕಂಡಿತು.

ಕಟ್ಟೆಯ ಮೇಲೆಯೇ ಕೆಲಸ. ರಾಯರು ಬಂದೂಕಿನ ಉಳಿದ ಭಾಗ ತಂದುಕೊಟ್ಟರು. ಅಬ್ಬಾ ಕಬ್ಬಿಣಕ್ಕೆ ದೀಪದ ಕಾಡಿಗೆ ಹಚ್ಚಿ ಕುಂದಾದಲ್ಲಿ ಕೂರಿಸುವುದು, ತೆಗೆಯುವುದು, ಕಾಡಿಗೆ ಅಂಟಿದ ಕಡೆ ಉಳಿಯಿಂದ ತುಸು ತೆಗೆಯುವುದು. ಕಾಡಿಗೆ ಎಲ್ಲಿ ಅಂಟಿದೆ ಎಂದು ನಾನು ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದೆ, ರಾಯರು ಎಲೆಯಡಿಕೆ ಹಾಕಿಕೊಳ್ಳಲು ತಲೆ ತಗ್ಗಿಸಿದಾಗ. ಕೂತಿತು. ರಾಯರು ಎತ್ತಿ ಭುಜಕ್ಕೆ ಇಟ್ಟರು, ಕೆನ್ನೆ ಒರಗಿಸಿದರು, ಹಳೆಯದಕ್ಕಿಂತ ಚೆನ್ನಾಗಿ ಕೂರುತ್ತದೆ ಎಂದರು. ಮುಂದಿನ ತುಂಡು ಕರಿ, ಹಿಂದಿನ ಕುಂದಾ ಕರಿ. ಜೋಡಿ. ಅಬ್ಬಾನ ಮುಖ ನೋಡಿ ನನಗೆ ಮೊದಲ ಸಲ ಕಾಲು ತುರಿಸುವುದು ನಿಂತಿತು.

ಇನ್ನೊಂದು ತಿರುಪನ್ನು ಸರಿಮಾಡುವುದಿತ್ತು. ಅದಕ್ಕೆ ಅಬ್ಬಾ ಕುಂದಾ ಮತ್ತೆ ಬಿಚ್ಚಿದರು. ಅಷ್ಟರಲ್ಲಿ ಒಳಗಿನಿಂದ ರಾಯರ ತಾಯಿ ಕೂಗಿದರು. ಕೆಲಸ ಆಗುವತನಕ ಆ ನಳಿಗೆಯಾದರೂ ಕೊಡು, ತಿಕ್ಕಿ ಇಡುತ್ತೇನೆ ಎಂದು. ರಾಯರು ಮುಂದಿನ ತುಂಡಿನ ಸಮೇತ ನಳಿಗೆಯನ್ನು ಹಿತ್ತಲಿಗೆ ಕೊಟ್ಟು ಬಂದರು. ನಾನು ಕೈಯ ಕಾಡಿಗೆ ತೊಳೆಯಲು ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದೆ.

ಬಚ್ಚಲ ಕಲ್ಲಿನ ಮೇಲೆ ಮನೆಯ ಲೋಹವೆಲ್ಲ ಹರಡಿತ್ತು. ಅಡಕೊತ್ತು, ಈಳಿಗೆ, ಕುಡಗೋಲು, ತಕ್ಕಡಿ. ರಾಯರ ತಾಯಿ, ಆ ಮನೆಯ ಅಜ್ಜಿ, ಹಿತ್ತಾಳೆ ಬಟ್ಟಲಿನಲ್ಲಿ ನೆನೆಸಿದ ಹುಣಸೆಹಣ್ಣು, ಪಕ್ಕದಲ್ಲಿ ಬೂದಿ ಇಟ್ಟುಕೊಂಡು ಕೂತಿದ್ದರು. ನಳಿಗೆಯನ್ನು ಮಗುವಿನ ಬೆನ್ನು ತಿಕ್ಕುವಂತೆ ತಿಕ್ಕುತ್ತಿದ್ದರು, ಮೇಲಿನಿಂದ ಕೆಳಗೆ. ಕಬ್ಬಿಣದ ಮೇಲಿನಿಂದ ಹುಣಸೆ ನೀರು ಇಳಿದು ಕಟ್ಟಿಗೆಯ ಮೇಲೆ ಹರಿಯುತ್ತಿತ್ತು. ಕಟ್ಟಿಗೆಗೆ ತಾಗಿದ ಕಡೆ ನೀರು ಮಸಿಯಾಗುತ್ತಿತ್ತು. ಅಳಲೆಕಾಯಿಯ ಒಗರಿಗೆ ಕಬ್ಬಿಣದ ತುಕ್ಕು ಸೇರಿಸಿ ಮಸಿ ಮಾಡುತ್ತಿದ್ದರೆಂದು ಎಲ್ಲೋ ಓದಿದ್ದೆ. ಅಖರೋಟದಲ್ಲೂ ಆ ಒಗರು ಇದೆ, ಹೊಟ್ಟಿನ ಸುರುಳಿ ನಾಲಗೆಯ ಮೇಲಿಟ್ಟವರಿಗೆಲ್ಲ ಗೊತ್ತು.

ಕಟ್ಟಿಗೆಗೂ ಹಚ್ಚುತ್ತೀರೇನು ಎಂದು ಕೇಳಿದೆ.

"ಹಚ್ಚಲಾರದ ಬಿಡ್ತಾರೇನವಾ? ಪ್ರತಿ ವರ್ಷ ಹಚ್ತೀನಿ," ಎಂದರು. ಕಿವಿ ಸ್ವಲ್ಪ ಮಂದವಿದ್ದವರ ದೊಡ್ಡ ದನಿ. "ನಾ ಲಗ್ನಾಗಿ ಬಂದಾಗ ಇದು ಹಳದಿ ಹಳದಿ ಇತ್ತು, ನನ್ನಂಗೇ. ತಿಕ್ಕಿ ತಿಕ್ಕಿ ಕರ್ರಗಾಗ್ಯದ. ನಾನೂ ಆಗೀನಿ."

ಬೂದಿ ತಿಕ್ಕಿ ಹಳೆಯ ಎಣ್ಣೆಯ ಮೆರುಗೆಲ್ಲ ಹೋಗಿ ರಂಧ್ರಗಳು ಬಾಯಿ ತೆರೆದಿದ್ದವು. ಹಳೆಯ ಕುಂದಾದಲ್ಲಿ ಅಬ್ಬಾನ ಉಗುರು ತಡೆದದ್ದೂ ಅದಕ್ಕೆ. ಕಣ್ಣಿದ್ದವರಿಗೂ ಉಗುರಿದ್ದವರಿಗೂ ಅದು ಒಂದೇ ಸುಳ್ಳನ್ನು ಹೇಳಿತ್ತು. ಕಟ್ಟೆಗೆ ಹೋಗಿ ಏನೂ ಆಗದವಳಂತೆ ಕೂರಬಹುದಿತ್ತು. ಜೋಡಿ ಸರಿಬಿದ್ದಿತ್ತು, ರಾಯರು ಒಪ್ಪಿದ್ದರು, ಮುಂದಿನ ಬಸ್ಸಿಗೆ ನಾವು ಊರಿಗೆ. ಆದರೆ ಆ ದೊಡ್ಡ ದನಿ ನನಗಿಂತ ಮೊದಲು ಕಟ್ಟೆ ಮುಟ್ಟಿತ್ತು. ಅಬ್ಬಾ ಉಳಿ ಕೆಳಗಿಟ್ಟಿದ್ದರು.

ಆ ಮುಂದಿನ ತುಂಡು ತೆಗೆದುಕೊಂಡು ಬಾ ಎಂದರು. ಹೋಗಿ ತಂದುಕೊಟ್ಟೆ. ಗಾಜಿನ ಚೂರು ಕೊಡು ಎಂದರು. ಕೊಟ್ಟೆ. ರಾಯರನ್ನು ಕೇಳಿ, ನಳಿಗೆ ಮುಚ್ಚುವ ಒಳಬದಿಯಲ್ಲಿ, ಮೊದಲು ಮೆತ್ತಗೆ, ಆಮೇಲೆ ಒತ್ತಿ ಕೆರೆದರು. ಊದಿದರು. ಉಗುಳು ಹಚ್ಚಿದರು. ನನ್ನ ಕಡೆ ಹಿಡಿದರು. ಈ ಸಲ ಕನ್ನಡದಲ್ಲಿ ಹೇಳಿದರು, ರಾಯರಿಗೂ ತಿಳಿಯುವ ಹಾಗೆ.

"ಬಣ್ಣ ಹೇಳು."

ಕರಿ ಎಂದರೆ ಎಲ್ಲ ಉಳಿಯುತ್ತಿತ್ತು. ಕಂಡದ್ದನ್ನು ಹೇಳಿದರೆ, ಉಸ್ತಾದ ಇದನ್ನು ತನ್ನ ಕಣ್ಣಿನಿಂದ ಯಾಕೆ ನೋಡಲಿಲ್ಲ ಎಂದು ರಾಯರು ಕೇಳಬೇಕಾಗುತ್ತಿತ್ತು. ನಾನು ಧೈರ್ಯದಿಂದ ಸತ್ಯ ಹೇಳಿದೆ ಎಂದು ಬರೆಯಲು ಕೈ ಬರುವುದಿಲ್ಲ. ಅಷ್ಟು ಹತ್ತಿರ ಹಿಡಿದಿದ್ದರು, ಬಾಯಿ ತಾನಾಗಿಯೇ ಹೇಳಿತು.

"ಹಳದಿ, ಅಬ್ಬಾ. ಗೋಧಿ ಹುಲ್ಲಿನಂಗ. ನಡುವ ಗೆರಿ ಅದಾವ."

ರಾಯರು ಎಲೆಯಡಿಕೆ ಉಗುಳಿ ಬಂದು ಅಬ್ಬಾನ ಎದುರು ಕೂತರು. ಮನೆಯವರ ಕಾಯಿಲೆ ವಿಚಾರಿಸುವ ದನಿಯಲ್ಲಿ ಕೇಳಿದರು, "ನಿಮಗ ಕಾಣಂಗಿಲ್ಲೇನು, ಉಸ್ತಾದ್?"

"ನೀವು ಕಾಣ್ತೀರಿ. ಕಟ್ಟೀನೂ ಕಾಣ್ತದ. ಬಣ್ಣ ಕಾಣಂಗಿಲ್ರಿ."

ಒಳಬಾಗಿಲಿಗೆ ಬಂದು ನಿಂತಿದ್ದ ಅಜ್ಜಿ ಮಧ್ಯೆ ಬಾಯಿ ಹಾಕಿದರು. "ನನಗೂ ಕಾಣಂಗಿಲ್ಲಪ್ಪಾ. ಅದಕ್ಕೇ ಒಂದೊಂದನ್ನ ಎರಡೆರಡು ಸಲ ತಿಕ್ಕತೀನಿ."

ಯಾರೋ ನಕ್ಕರು. ನಾನೇ ಇರಬಹುದು. ಅಬ್ಬಾ ನಗಲಿಲ್ಲ. ಹೊಸ ಕುಂದಾವನ್ನು ಚಾದರಕ್ಕೆ ಸುತ್ತತೊಡಗಿದರು. ಇದು ತಪ್ಪು ಕಟ್ಟಿಗೆ, ಅಟ್ಟದ ಮೇಲಿನ ಹಳದಿ ಕಾಶ್ಮೀರಿಯಲ್ಲಿ ಬೇರೆ ಮಾಡಿ ತರುತ್ತೇನೆ ಎಂದರು. ರಾಯರು ಚಾದರದ ಇನ್ನೊಂದು ತುದಿ ಹಿಡಿದುಕೊಂಡರು. ತಮ್ಮ ತಾಯಿ ಇರುವ ತನಕ ಮುಂದಿನ ತುಂಡು ಕರಿಯೇ ಇರುತ್ತದೆ, ಹಳದಿ ಕುಂದಾ ಹಾಕಿದರೆ ಆಗ ಜೋಡಿ ತಪ್ಪುತ್ತದೆ ಎಂದು ವಾದಿಸಿದರು. ಒಳಗಿನದು ಬೇರೆ ಎಂದು ಅಬ್ಬಾ. ಒಳಗೆ ಯಾರು ನೋಡುತ್ತಾರೆ ಎಂದು ರಾಯರು. ನಾನು ನೋಡುತ್ತಿದ್ದೆ, ಮೊದಲೆಲ್ಲ, ಎಂದು ಅಬ್ಬಾ. ರಾಯರು ಚಾದರ ಬಿಡಲಿಲ್ಲ.

"ನಾಳೆ ಪೂಜಾಕ್ಕ ನಾ ಏನು ಇಡ್ಲಿ? ಬರೇ ನಳಗಿ ಇಟ್ಟು ಕುಂಕುಮ ಹಚ್ಲೇನು?"

ಕೊನೆಗೆ ಅಬ್ಬಾ ಕೂರಿಸಿಕೊಟ್ಟರು. ಹಬ್ಬ ಮುಗಿದ ಮೇಲೆ ಬಿಚ್ಚಿ ಕಳಿಸಬೇಕು, ಬೇರೆ ಮಾಡಿಕೊಡುತ್ತೇನೆ ಎಂಬ ಷರತ್ತಿನ ಮೇಲೆ. ರಾಯರು ತಲೆಯಾಡಿಸಿದರು. ಅವರು ಅದನ್ನು ಎಂದೂ ಕಳಿಸಲಿಲ್ಲ.

ವಾಪಸು ಬಸ್ಸಿನಲ್ಲಿ ಅಬ್ಬಾ, ಆ ಕಟ್ಟಿಗೆ ಕಾಶ್ಮೀರಿಯೋ ವಿಲಾಯತಿಯೋ ಎಂದು ನನ್ನನ್ನು ಕೇಳಿದರು. ಅಷ್ಟು ಸಣ್ಣ ಗೀರಿನಲ್ಲಿ ಹುಲ್ಲಿನ ಬಣ್ಣವೋ ಜೇನಿನ ಬಣ್ಣವೋ ಗೊತ್ತಾಗಲಿಲ್ಲ ಎಂದೆ. ನಾಲಗೆಗೆ ಎರಡೂ ಒಂದೇ, ನನಗೂ ಯಾವತ್ತೂ ಪೂರ್ತಿ ಗೊತ್ತಾಗಿಲ್ಲ, ಬಣ್ಣದ ಮೇಲೆ ಹೇಳುತ್ತಿದ್ದೆ ಎಂದರು. ಎಷ್ಟೋ ವರ್ಷಗಳ ಮೇಲೆ ನಾನು ಓದಿದೆ: ಕಾಶ್ಮೀರಿ, ವಿಲಾಯತಿ ಎರಡೂ ಒಂದೇ ಜಾತಿಯ ಮರ, ಬೆಳೆದ ಮಣ್ಣು ಬೇರೆ, ಮಾರುವವರು ಕೊಟ್ಟ ಹೆಸರು ಬೇರೆ. ಅಮರಿಕಿ ಮಾತ್ರ ನಿಜವಾಗಿ ಬೇರೆ ಜಾತಿ. ಅಂದರೆ ಅಬ್ಬಾ ಜೀವನವಿಡೀ ಗುರುತಿಸಿದ ಮೂರರಲ್ಲಿ ಎರಡು ಒಂದೇ ಆಗಿದ್ದವು. ಓದಿದಾಗ ಖುಷಿಯಾಯಿತೋ ದುಃಖವಾಯಿತೋ, ಅದನ್ನೂ ಎರಡು ಹೆಸರಿನ ಒಂದೇ ಮರವೆಂದು ಬಿಟ್ಟುಬಿಟ್ಟೆ.

ಮುಂದಿನ ದಿನಗಳಲ್ಲಿ ಬಾಗಿಲ ಸದ್ದಾದಾಗಲೆಲ್ಲ ಅಬ್ಬಾ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ಬರುತ್ತಿದ್ದವರು ಹಾಲಿನವನು, ಪಕ್ಕದ ಮನೆಯ ಮಕ್ಕಳು. ಗಿರಾಕಿ ಯಾರೂ ಬರಲಿಲ್ಲ. ರಾಯರು ಹೇಳಿರಬೇಕು ಎಂದು ಅಮ್ಮಿ. ರಾಯರು ಅಂಥವರಲ್ಲ ಎಂದು ಅಬ್ಬಾ, ಆದರೆ ಆ ದನಿಯಲ್ಲಿ ಬಲವಿರಲಿಲ್ಲ. ನಾನು ಟ್ಯೂಷನ್ನಿಗೆ ಹೋಗಿ ಬರುವಾಗ ದಾರಿಯಲ್ಲಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಐವಾನ್-ಎ-ಶಾಹಿ ಕಡೆಯಿಂದ ಒಬ್ಬರು ಬಂದರು. ನಿವೃತ್ತ ಅಧಿಕಾರಿ ಇರಬೇಕು, ಇಸ್ತ್ರಿ ಮಾಡಿದ ಅಂಗಿ. ಕಮಲಾಪುರದ ರಾಯರು ಕಳಿಸಿದರು ಎಂದರು. ಪತ್ರಿಕೆಯಲ್ಲಿ ಸುತ್ತಿದ ಕುಂದಾ ಬಿಚ್ಚಿದರು. ಅಬ್ಬಾ ಎಂದಿನಂತೆ ಎರಡೂ ಕೈ ಮುಂದೆ ಚಾಚಿದರು. ಆ ಮನುಷ್ಯ ಒಮ್ಮೆ ಆ ಕೈಗಳನ್ನು, ಒಮ್ಮೆ ನನ್ನನ್ನು ನೋಡಿದರು.

"ನೋಡೋದು ಮಗಳು, ಮಾಡೋದು ಉಸ್ತಾದ್ ಅಂತ ಹೇಳ್ಯಾರ ರಾಯರು," ಎಂದು ಕುಂದಾವನ್ನು ನನ್ನ ಕೈಗೆ ಕೊಟ್ಟರು.

ದುಕಾನು ಮುಗಿದಿರಲಿಲ್ಲ. ಅದಕ್ಕೆ ನಾನು ಬೇಕಾಗಿತ್ತು, ಅಷ್ಟೇ. ಅಬ್ಬಾನ ಕೈಗಳು ಒಂದು ಕ್ಷಣ ಹಾಗೇ ಇದ್ದವು. ಆಮೇಲೆ ಅವು ಮಡಿಲಿಗೆ ಇಳಿದವು. ಅವರು ಚಾಪೆಯ ಮೇಲೆ ಒಂದು ಬದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದರು.

ನಾನು ಕೂರಲಿಲ್ಲ. ಗಾಜಿನ ಚೂರು ತೆಗೆದುಕೊಂಡು ಬಾಗಿಲಿಗೆ ಹೋಗಿ ನಿಂತುಕೊಂಡೇ ಕುಂದಾ ಕೆರೆದೆ.